ತಿರುಗಿಯೂ ತಿರುಗದ ಗುಂಡಿ

ಹೆದರುವುದರಲ್ಲಿ ನನ್ನನ್ನು ಮೀರಿಸುವವರು ಕೊಳ್ಳೇಗಾಲದಲ್ಲಿ ಇರಲಾರರು. ಕುಕ್ಕರು ಕೂಗಿದರೂ ಭಯ, ಕೂಗದಿದ್ದರೂ ಭಯ. ಇಂಥವನು ಮನೆಯಲ್ಲೇ ಕೂತು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚು ಹಚ್ಚಿಕೊಳ್ಳಬಾರದಿತ್ತು. ಹಚ್ಚಿಕೊಂಡರೂ ಮಾತು ಕೇಳಿಸುವ ರಿಸೀವರನ್ನು ಕೈಯಾರೆ ಕಟ್ಟಬಾರದಿತ್ತು. ಅದರೊಳಗೆ ಐದು ಫಿಲ್ಟರುಗಳಿವೆ. ಒಂದೊಂದೂ ತನ್ನ ಬ್ಯಾಂಡಿನ ಅಲೆಗಳನ್ನಷ್ಟೇ ಒಳಗೆ ಬಿಟ್ಟು ಉಳಿದದ್ದನ್ನು ಬಾಗಿಲಲ್ಲೇ ತಡೆಯುತ್ತದೆ. ಬ್ಯಾಂಡು ಬದಲಿಸಿದಾಗಲೆಲ್ಲ ಫಿಲ್ಟರನ್ನೂ ಒಂದು ಗುಂಡಿ ತಿರುಗಿಸಿ ಬದಲಿಸಬೇಕು. ಆ ಗುಂಡಿ ನಮ್ಮ ಹಳೆಯ ಮಿಕ್ಸಿಯದು. ಮಾತು ಕಳಿಸುವ ಪೆಟ್ಟಿಗೆ ಬೇರೆ. ಅದನ್ನು ಕೊಂಡು ತಂದದ್ದರಿಂದ ಸರಿಯಾಗಿದೆ.

ದಿನಾ ಬೆಳಿಗ್ಗೆ ಏಳಕ್ಕೆ ನಲವತ್ತು ಮೀಟರ್ ಬ್ಯಾಂಡಿನಲ್ಲಿ ಹನೂರು ಕಡೆಯ ಶಾಗ್ಯದ ಮಾದಪ್ಪಣ್ಣನ ಜೊತೆ ನನ್ನ ಮಾತುಕತೆ. ಅವರು ನಿವೃತ್ತ ಲೈನ್‌ಮನ್, ಈಚೆಗೆ ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು. "ಸೆಟ್ ಮಡೀಕಂಡು ಫೋನ್ ಮಾಡ್ದೋನು ಸೆಟ್ಟ ಗುಜರಿಗೆ ಆಕ್ಬುಡ್ಬೇಕು ಕಣ್ರಿ" ಎಂದು ಅವರು ಪಂದ್ಯ ಕಟ್ಟಿದಾಗ ನಾನೂ ಜಂಬದಿಂದ ಹೂಂಗುಟ್ಟಿದ್ದೆ.

ಹೋದ ಸೋಮವಾರ ಮಾದಪ್ಪಣ್ಣನ ದನಿ ಬರಲಿಲ್ಲ. ಸೆಟ್ಟು ಮಾತ್ರ ಎಂದೂ ಇಲ್ಲದಷ್ಟು ಶಾಂತ. ಪಕ್ಕದ ಮನೆಯ ಮಗ್ಗದ ಮೋಟಾರು ಸೆಟ್ಟಿನಲ್ಲಿ ಎಬ್ಬಿಸುವ ಗೊರಗೊರವೂ ಇಲ್ಲ. ಎಂಥ ರಿಸೀವರು ಕಟ್ಟಿದೆನಪ್ಪಾ ಎಂದು ಬೀಗಿದೆ. ಮಂಗಳವಾರವೂ ಅವರಿಲ್ಲ. ಅವರ ಸ್ಟೆಂಟಿನ ನೆನಪಾಗಿ ಇಡ್ಲಿ ತಟ್ಟೆ ಬಿಟ್ಟು ಮತ್ತೆ ಸೆಟ್ಟಿನ ಮುಂದೆ ಕೂತೆ. "ಒಂದ್ ಫೋನ್ ಮಾಡುದ್ರೆ ನಿಮ್ ಗಂಟೇನ್ ಓಯ್ತದೆ?" ಎಂದಳು ನನ್ನಾಕೆ. ಫೋನನ್ನು ಯಾರೋ ಅಳುತ್ತಾ ಎತ್ತಿಕೊಂಡರೆ? ಪಂದ್ಯದ ನೆಪ ಹೇಳಿ ತಪ್ಪಿಸಿಕೊಂಡೆ.

ಬುಧವಾರ ಮೈಕು ಹಿಡಿದರೆ ಕಣ್ಣು ತುಂಬಿ ಬಂತು. ಕೇಳುವವರೇ ಇಲ್ಲವೆಂದುಕೊಂಡು ಹೇಳಿಯೇಬಿಟ್ಟೆ: "ಮಾದಪ್ಪಣ್ಣ, ನೀವು ಎರವಲು ಕೊಟ್ಟಿದ್ದ ತಂತಿ ಕಾಯಿಲ್‌ಗಳ್ನ ಇಲಿ ಎಳ್ಕಂಡೋಯ್ತು ಅಂದಿದ್ದು ಸುಳ್ಳು. ನನ್ ಫಿಲ್ಟರಲ್ಲಿರೋವು ಅವೇಯ. ಎಲ್ಲಿದ್ರೂ ನನ್ನ ಕ್ಷಮಿಸ್ಬುಡಿ."

ಎರಡು ನಿಮಿಷಕ್ಕೆ ನನ್ನಾಕೆಯ ಫೋನು ಬಡಿದುಕೊಂಡಿತು. ಅವಳು ಸ್ಪೀಕರಿಗೆ ಹಾಕಿದಳು. ಮಾದಪ್ಪಣ್ಣ! "ತಂಗ್ಯವ್ವಾ, ನಾ ಮಾಡ್ತಿರದು ನಿಂಗೆ, ಅವ್ರಿಗಲ್ಲ, ಪಂದ್ಯ ಪಂದ್ಯವೇಯ. ಮೂರ್ ದಿನದಿಂದ ಬಾಯ್ ಬಡ್ಕತಾವ್ನಿ, ನಿನ್ ಯಜಮಾನ್ರಿಗೆ ಕೇಳ್ಸದೇ ಇಲ್ಲ. ಫಿಲ್ಟರ್ ಗುಂಡಿ ನೋಡ್ಕಳಕ್ಕೇಳು."

ಅಯ್ಯೋ, ಜೀವ ಬಂತು! ಗುಂಡಿಯ ತಿರುಪು ಸಡಿಲವಾಗಿತ್ತು. ಭಾನುವಾರ ಪರದೇಶದವರನ್ನು ಕೇಳಲು ಇಪ್ಪತ್ತು ಮೀಟರಿಗೆ ಹೋಗಿದ್ದೆ. ಗುಂಡಿ ವಾಪಸು ನಲವತ್ತಕ್ಕೆ ಬಂದಿದ್ದರೂ ಒಳಗಿನ ಕಡ್ಡಿ ಇಪ್ಪತ್ತರಲ್ಲೇ ಕೂತಿತ್ತು. ಗುಂಡಿಯನ್ನೂ ಇಪ್ಪತ್ತಕ್ಕಿಟ್ಟು ತಿರುಪು ಬಿಗಿದು, ನಲವತ್ತಕ್ಕೆ ತಿರುಗಿಸಿದೆ. ಮೊದಲು ಮಗ್ಗದ ಗೊರಗೊರ, ಅದರ ಹಿಂದೆಯೇ ಮಾದಪ್ಪಣ್ಣ: "ಈಗ ಕೇಳ್ತದಾ? ಕಾಯಿಲ್ ಓಗ್ಲಿ ಬುಡಿ, ಅಳಬ್ಯಾಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ದನಿ ನುಗ್ಗಿತು. "ಸಾ, ನಾನು ಯಳಂದೂರಿಂದ. ದಿನಾ ನಿಮ್ಮಿಬ್ರ ಮಾತು ಕೇಳ್ತೀನಿ. ನನ್ ಸಾಲ್ಡರಿಂಗ್ ಐರನ್ ನಿಮ್ ಮನೇಗ್ ಬಂದಿತ್ತಲ್ಲ, ಅದ ಎಳ್ಕಂಡೋಗಿದ್ದೂ ಆ ಇಲಿಯೇನಾ?"

ಮೆಲ್ಲನೆ ಗುಂಡಿಯನ್ನು ಇಪ್ಪತ್ತಕ್ಕೆ ತಿರುಗಿಸಿದೆ. ಈ ಸಲ ಸರಿಯಾಗಿಯೇ ತಿರುಗಿತು.