ಹೊಸ್ತಿಗೆ ಬಂದ ಎರಡನೇ ರೌಟರ್

ಜಂಬ ಕೊಚ್ಚಿಕೊಳ್ಳಬಾರದು ಎಂದು ಉಪದೇಶ ಮಾಡುವವರನ್ನು ನಾನು ಹತ್ತಿರದಿಂದ ಗಮನಿಸಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಕೊಚ್ಚಿಕೊಳ್ಳಲು ಏನೂ ಇರುವುದಿಲ್ಲ. ನನಗೆ ಈಗ ಇದೆ, ಆದ್ದರಿಂದ ಕೊಚ್ಚಿಕೊಳ್ಳುತ್ತೇನೆ. ಪುರುಸೊತ್ತಿಲ್ಲದವರು ಈಗಲೇ ಎದ್ದು ಹೋಗಬಹುದು. ಕೋಟದ ಹೆದ್ದಾರಿ ಬದಿಯಲ್ಲಿ ಕೊಡೆ, ಬ್ಯಾಗು, ಚಪ್ಪಲಿ ಮಾರುವವನು ನಾನು. ಕೊಡೆಯ ಕಡ್ಡಿ ಸರಿಮಾಡುವುದಕ್ಕಿಂತ ಹೆಚ್ಚಿನ ವಿದ್ಯೆ ನನ್ನಲ್ಲಿಲ್ಲ ಎಂದು ನನ್ನ ಹೆಂಡತಿ ವಸಂತಿ ಮದುವೆಯಾದಾಗಿನಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅಂಥ ನಾನು ನಮ್ಮ ಮನೆಯ ಇಂಟರ್ನೆಟ್ಟಿಗೆ ಎರಡನೆಯ ರೌಟರ್ ಸೇರಿಸಿದೆ. ಒಬ್ಬನೇ ಸೇರಿಸಿದೆ.

'ನಮ್ಮ ಮನೆ' ಎಂದೆನಲ್ಲ, ಅಲ್ಲೊಂದು ತಿದ್ದುಪಡಿ ಬೇಕು. ಬಸ್ರೂರಿನ ಈ ಮನೆ ನನ್ನ ಹೆಂಡತಿಯದ್ದು, ಅಂದರೆ ಅವಳ ತಾಯಿಯದ್ದು, ಅಂದರೆ ಅವಳ ತಾಯಿಯ ತಾಯಿಯದ್ದು. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆ, ಗಂಡಸರು ಬಾಗಿಲಿನಿಂದ ಬರುತ್ತಾರೆ. ತ್ರಾಸಿಯಿಂದ ಹಾಗೆ ಬಂದ ನನ್ನನ್ನು ಅತ್ತೆ ಬಹಳ ಮರ್ಯಾದೆಯಿಂದ ನೋಡಿಕೊಂಡಿದ್ದಾರೆ. ಅಂಜಲ್ ಮೀನು ತಂದ ದಿನ ತಲೆಯ ತುಂಡು ಯಾವತ್ತೂ ನನ್ನ ಬಟ್ಟಲಿಗೇ ಬೀಳುತ್ತದೆ. ಆದರೆ ಯಾರಿಗಾದರೂ ಪರಿಚಯ ಮಾಡಿಕೊಡುವಾಗ ಮಾತ್ರ, "ಇವ್ರ್ ನಮ್ ವಸಂತಿ ಗಂಡ" ಎಂದು ಹೇಳಿ ಮುಗಿಸುತ್ತಾರೆ. ನಮ್ಮ ಮಗಳು ಕಾಲೇಜು ಮುಗಿಸಿದಳು, ನನ್ನ ತಲೆಕೂದಲು ಬೆಳ್ಳಗಾಯಿತು, ನಾನು ಮಾತ್ರ ವಸಂತಿಯ ಗಂಡನಾಗಿಯೇ ಉಳಿದೆ. ಮನೆಯವನು ಎಂದು ಅವರ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮೀನಿನ ತಲೆಯನ್ನು ನೆಂಟರಿಗೆ ಹಾಕುವುದು ಈ ಮನೆಯ ಪದ್ಧತಿ ಎಂಬುದು ನನಗೆ ಬಹಳ ತಡವಾಗಿ ಹೊಳೆದ ಸಂಗತಿ.

ಇನ್ನು ರೌಟರಿನ ಕತೆ. ಮೊದಲನೆಯದು ಮನೆಯ ಎದುರು ಭಾಗದ ಚಾವಡಿಯಲ್ಲಿ ಕ್ಯಾಲೆಂಡರಿನ ಪಕ್ಕ ಇದೆ. ಅದು ಬೆಚ್ಚಗಿರುವುದರಿಂದ ನಮ್ಮ ಬೆಕ್ಕು ಅದರ ಮೇಲೆಯೇ ಮಲಗುತ್ತದೆ. ಮನೆಯ ಗೋಡೆಗಳೋ, ಕೆಂಪುಕಲ್ಲಿನವು, ಕಿಟಕಿಯ ದಂಡೆಯ ಮೇಲೆ ಒಬ್ಬ ಮನುಷ್ಯ ಕಾಲು ಮಡಚಿ ಮಲಗುವಷ್ಟು ದಪ್ಪ. ಚಾವಡಿಯಿಂದ ಹೊರಟ ಇಂಟರ್ನೆಟ್ಟು ದೇವರ ಕೋಣೆಯ ತನಕ ಹೇಗೋ ಹೋಗುತ್ತದೆ, ಅಲ್ಲಿ ಕೈಮುಗಿದು ಹಿಂದಕ್ಕೆ ಬರುತ್ತದೆ. ಅದರಾಚೆಗಿನ ಅಡುಗೆಮನೆಗೆ ನೆಟ್ಟೂ ಇಲ್ಲ, ಮೊಬೈಲಿನ ಸಿಗ್ನಲ್ಲೂ ಇಲ್ಲ. ಫೋನ್ ಬಂದರೆ ಬಾವಿಕಟ್ಟೆಗೆ ಓಡಬೇಕು. ಇದರಿಂದ ಇಷ್ಟು ದಿನ ಯಾರಿಗೂ ತೊಂದರೆಯಾಗಿರಲಿಲ್ಲ. ಸಾರು ಕುದಿಯಲು ನೆಟ್ ಬೇಕಾಗಿಲ್ಲವಷ್ಟೆ.

ತೊಂದರೆ ಬಂದದ್ದು ಈ ಸಲದ ಹೊಸ್ತಿಗೆ. ಹೊಸ್ತು ಎಂದರೆ ಹೊಸ ಅಕ್ಕಿಯ ಊಟದ ಹಬ್ಬ. ಬೆಳಿಗ್ಗೆ ಗದ್ದೆಯಿಂದ ಭತ್ತದ ಕದಿರು ತಂದು ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ಕಟ್ಟುತ್ತೇವೆ. ಮಧ್ಯಾಹ್ನ ಹೊಸ ಅಕ್ಕಿಯ ಅನ್ನ ಬಾಯಿಗಿಡುವ ಮೊದಲು ಪ್ರತಿಯೊಬ್ಬರೂ ತಮಗಿಂತ ಹಿರಿಯರಿಗೆ, "ಹೊಸ್ತ್ ಉಂತೆ", ಅಂದರೆ ಹೊಸ್ತು ಉಣ್ಣುತ್ತೇನೆ, ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ಈ ಮನೆಯಲ್ಲಿ ಎಲ್ಲರೂ ಕೇಳುವುದು ಅತ್ತೆಯನ್ನು. ಅತ್ತೆ ಕೇಳುವುದು ಮುಂಬೈಯಿಂದ ಪ್ರತಿ ವರ್ಷ ತಪ್ಪದೆ ಬರುವ ತಮ್ಮ ಅಕ್ಕನನ್ನು, ಅಂದರೆ ನಮ್ಮ ದೊಡ್ಡತ್ತೆಯನ್ನು. ಈ ವರ್ಷ ದೊಡ್ಡತ್ತೆಗೆ ಮೊಣಕಾಲಿನ ಆಪರೇಶನ್ ಆಗಿ ಬರಲಾಗುವುದಿಲ್ಲ ಎಂಬ ಸುದ್ದಿ ಬಂತು. ಅತ್ತೆ ಎರಡು ದಿನ ಹಬ್ಬದ ಯಾವ ತಯಾರಿಗೂ ಕೈಹಾಕಲಿಲ್ಲ. ಮೂರನೆಯ ದಿನ, "ಅಕ್ಕನ ಕೇಳ್ದೆ ನಾನ್ ಯಾವತ್ತೂ ಹೊಸ್ತ್ ಉಂಡದ್ದಿಲ್ಲೆ. ಈ ವರ್ಷ ನೀವೆಲ್ಲ ಉಣ್ಣಿ" ಎಂದರು.

ವಸಂತಿ ಸುಲಭದ ದಾರಿ ಹೇಳಿದಳು. "ಚಾವಡಿಗ್ ಎಲಿ ಹಾಕ್ವ ಅಮ್ಮ. ಅಲ್ಲಿ ವಿಡಿಯೋ ಕಾಲ್ ಚಂದ ಬತ್ತ್."

"ಹೊಸ್ತ್ ಉಂಬುದ್ ಒಲಿ ಎದ್ರಿಗೆ. ಕ್ಯಾಲೆಂಡರ್ ಎದ್ರಿಗಲ್ಲ" ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು.

ನೆಟ್ಟಿನವರಿಗೆ ಫೋನ್ ಮಾಡಿದರೆ, "ಹಬ್ಬ ಮುಗೀಲಿ, ಕಾಂಬ" ಎಂದರು. ಹಬ್ಬ ಮುಗಿದ ಮೇಲೆ ಬಂದು ಏನು, ಉಳಿದ ಪಾಯಸ ಕುಡಿಯುವುದೇ? ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ದೊಡ್ಡ ದೊಡ್ಡ ಮಾತಾಡುತ್ತೇನೆ. "ನಾನ್ ಮಾಡ್ತೆ ಅತ್ತೆ. ಒಲಿ ಬುಡಕ್ಕೇ ನೆಟ್ ತಂದ್ ಕೊಡ್ತೆ" ಎಂದುಬಿಟ್ಟೆ. ಅತ್ತೆ ನನ್ನ ಮುಖ ನೋಡಿದರು. ವಸಂತಿ, "ಕೊಡೆ ರಿಪೇರಿ ಅಲ್ಲ ಮಾರಾಯ್ರೆ ಅದ್" ಎಂದಳು.

ಅಂಗಡಿಯಲ್ಲಿ ಒಂದು ಹಳೆಯ ರೌಟರ್ ಚಪ್ಪಲಿ ಡಬ್ಬಿಯೊಳಗೆ ಮಲಗಿತ್ತು. ಅದನ್ನು ತಂದೆ, ಕುಂದಾಪುರದಿಂದ ಉದ್ದದ ತಂತಿ ತಂದೆ. ಗೋಡೆಗೆ ತೂತು ಕೊರೆಯೋಣವೆಂದರೆ, "ದೇವ್ರ್ ಕೋಣೆ ಗೋಡಿ ಮುಟ್ಟುಕಾಗ" ಎಂದು ಅತ್ತೆಯ ಅಪ್ಪಣೆಯಾಯಿತು. ಸರಿ, ಅಟ್ಟ ಹತ್ತಿದೆ. ಅಲ್ಲಿ ನನ್ನ ಮದುವೆಯ ಪೇಟ ಸಿಕ್ಕಿತು. ಅರ್ಧವನ್ನು ಇಲಿ ತಿಂದು, ಉಳಿದರ್ಧದಲ್ಲಿ ಸಂಸಾರ ಹೂಡಿತ್ತು. ಈ ಮನೆಯಲ್ಲಿ ನನ್ನ ಕಿರೀಟಕ್ಕೆ ಸಿಕ್ಕಿದ ಸ್ಥಾನ ಇದು ಎಂದುಕೊಂಡು, ಜೇಡರ ಬಲೆಯನ್ನೇ ತಲೆಗೆ ಸುತ್ತಿಕೊಂಡು, ತೊಲೆಯ ಮೇಲಿಂದ ತಂತಿ ಎಳೆದು ಅಡುಗೆಮನೆಗೆ ಇಳಿಸಿದೆ. ಗ್ರೈಂಡರಿನ ಮೇಲಿನ ಹಲಗೆಯಲ್ಲಿ ರೌಟರ್ ಇಟ್ಟು ತಂತಿ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ಎದೆಯುಬ್ಬಿಸಿ ಚಾವಡಿಗೆ ಬಂದೆ.

ಅಷ್ಟರಲ್ಲಿ ವಸಂತಿ, "ಹ್ವಾಯ್, ಎಂತ ಮಾಡ್ರಿ? ಇಲ್ಲಿದ್ದದ್ದೂ ಹೋಯ್ತಲೆ" ಎಂದು ಕೂಗಿದಳು. ನಿಜವೇ. ಅಡುಗೆಮನೆಗೆ ನೆಟ್ ಬರಲಿಲ್ಲ, ಚಾವಡಿಯದ್ದೂ ಒಮ್ಮೆ ಬಂದು ಒಮ್ಮೆ ಹೋಗತೊಡಗಿತು. ಎರಡು ರೌಟರುಗಳೂ ಪ್ರತ್ಯೇಕವಾಗಿ ನೋಡಿದರೆ ಆರೋಗ್ಯವಂತವೇ. ಒಟ್ಟಿಗೆ ಇಟ್ಟರೆ ಎರಡಕ್ಕೂ ಹುಚ್ಚು. ನಾಳೆ ಹೊಸ್ತು. ಅತ್ತೆ ತೆಂಗಿನಕಾಯಿ ತುರಿಯುತ್ತಲೇ ಇದ್ದರು. ಅವರು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸಂಜೆ ಹಬ್ಬದ ನೆಂಟರು ಬರತೊಡಗಿದರು. ಬಂದವರಿಗೆ ಬೆಲ್ಲ ನೀರು ಕೊಟ್ಟು ಮಲಗುವ ಜಾಗ ತೋರಿಸಬೇಕು. ಅತ್ತೆ ಹಿಂದಿನ ಬಾಗಿಲಿನಿಂದ ಬಂದ ಒಂದು ಸಂಸಾರವನ್ನು ಮಾಳಿಗೆಯ ಕೋಣೆಗೆ ಕಳಿಸಿದರು. ವಸಂತಿ ಎದುರಿನ ಬಾಗಿಲಿನಿಂದ ಬಂದ ಇನ್ನೊಂದು ಸಂಸಾರವನ್ನು ಅದೇ ಕೋಣೆಗೆ ಕಳಿಸಿದಳು. ಎರಡೂ ಸಂಸಾರದವರು ಚೀಲ ಹಿಡಿದುಕೊಂಡು ಒಂದೇ ಬಾಗಿಲಿನ ಮುಂದೆ, "ನೀವ್ ಹೋಯ್ನಿ, ನೀವ್ ಹೋಯ್ನಿ" ಎನ್ನುತ್ತಾ ನಿಂತರು. ಯಾರೂ ಒಳಗೆ ಹೋಗಲಿಲ್ಲ. ಅತ್ತೆ ಬಂದು ಮಗಳಿಗೆ ಹೇಳಿದರು: "ಜಾಗ ಕೊಡುದ್ ನಾನೊಬ್ಳೇ. ನೀ ಬಾಗಿಲಲ್ ನಿಂತ್ ಬೆಲ್ಲ ನೀರ್ ಕೊಡ್, ನನ್ ಹತ್ರ ಕಳ್ಸ್. ಅಷ್ಟೇ."

ಮೆಟ್ಟಿಲ ಬುಡದಲ್ಲಿ ನಿಂತಿದ್ದ ನನಗೆ ಕಣ್ಣಿಗೆ ಕಟ್ಟಿದಂತೆ ಎಲ್ಲ ಅರ್ಥವಾಯಿತು. ಬಂದ ಪ್ರತಿ ಫೋನಿಗೂ ರೌಟರ್, ಕೋಣೆ ಕೊಟ್ಟ ಹಾಗೆ, ಒಂದು ನಂಬರ್ ಕೊಡುತ್ತದೆ ಎಂದು ಎಲ್ಲೋ ಓದಿದ್ದೆ. ನಾನು ಒಂದೇ ಮನೆಗೆ ಕೋಣೆ ಕೊಡುವ ಇಬ್ಬರನ್ನು ಕೂರಿಸಿದ್ದೆ. ಸಾಲದ್ದಕ್ಕೆ ಎರಡೂ ರೌಟರುಗಳ ಸ್ವಂತ ನಂಬರ್ ಕೂಡ ಒಂದೇ. ಓಡಿಹೋಗಿ ಎರಡನೆಯದರ ತಂತಿ ಬಿಚ್ಚಿದೆ, ಫೋನಿನಲ್ಲಿ ಅದರ ಸೆಟ್ಟಿಂಗ್ಸ್ ತೆರೆದೆ, ಅದಕ್ಕೆ ಬೇರೆ ನಂಬರ್ ಇಟ್ಟೆ, ನಂಬರ್ ಹಂಚುವ ಅಧಿಕಾರವನ್ನು ಕಿತ್ತುಕೊಂಡೆ. ಇನ್ನು ನೀನು ಬಾಗಿಲಲ್ಲಿ ನಿಂತು ಬೆಲ್ಲ ನೀರು ಕೊಡು, ಒಳಗಿನದನ್ನು ಚಾವಡಿಯವಳು ನೋಡಿಕೊಳ್ಳುತ್ತಾಳೆ ಎಂದು ಹೇಳಿ ತಂತಿ ಸಿಕ್ಕಿಸಿದೆ. ಒಲೆಯ ಬುಡದಲ್ಲಿ ಕುಳಿತು ನೋಡಿದರೆ ನನ್ನ ಫೋನಿನಲ್ಲಿ ನೆಟ್ ಹೊಳೆಯಂತೆ ಹರಿಯುತ್ತಿತ್ತು. ಓದಿದವರು ಇದಕ್ಕೆ ಏನೇನೋ ಇಂಗ್ಲಿಷ್ ಹೆಸರು ಹೇಳುತ್ತಾರಂತೆ. ಹೇಳಲಿ. ಅಳಿಯನಾಗಿ ಬದುಕಿದ ನನಗೆ, ಅಧಿಕಾರವಿಲ್ಲದೆ ಮನೆಗೆ ಉಪಯೋಗಕ್ಕೆ ಬರುವುದು ಹೇಗೆಂದು ಆ ರೌಟರಿಗೆ ಕಲಿಸುವುದು ಕಷ್ಟವಾಗಲಿಲ್ಲ.

ಬೆಳಿಗ್ಗೆ ಅತ್ತೆ ಕದಿರು ಹಿಡಿದು ಹೊರಟರು. ಬಾಗಿಲಿಗೆ, ಕಂಬಕ್ಕೆ, ಬಾವಿಯ ರಾಟೆಗೆ, ಅಕ್ಕಿ ಮುಡಿಗೆ, ನನ್ನ ಸ್ಕೂಟರಿಗೆ, ಬೆಕ್ಕನ್ನು ಎಬ್ಬಿಸಿ ಚಾವಡಿಯ ರೌಟರಿಗೆ, ಎಲ್ಲಕ್ಕೂ ಕಟ್ಟಿದರು. ಅಡುಗೆಮನೆಯ ರೌಟರನ್ನು ನಾನು ಬೆರಳು ಮಾಡಿ ತೋರಿಸಿದೆ. "ಅದ್ ಇನ್ನೂ ಕೆಲ್ಸ ಮಾಡಿ ತೋರ್ಸ್ಲಿಲ್ಲೆ ಅಲ್ದಾ. ಮತ್ತೆ ಕಾಂಬ" ಎಂದರು.

ಮಧ್ಯಾಹ್ನ ಒಲೆಯ ಎದುರಿಗೆ ಎಲೆ ಹಾಕಿದ್ದಾಯಿತು. ಬೆಲ್ಲದ ಡಬ್ಬಿಗೆ ಫೋನ್ ಒರಗಿಸಿ ಮುಂಬೈಗೆ ಕರೆ ಮಾಡಿದೆ. ದೊಡ್ಡತ್ತೆ ಕಾಲು ಚಾಚಿಕೊಂಡು ಕಾಣಿಸಿಕೊಂಡರು. ಅನ್ನದ ಪಾತ್ರೆ ತೋರಿಸಿ ಎಂದರು, ಒಲೆ ತೋರಿಸಿ ಎಂದರು, ಪಾಯಸ ನೀರಾಯಿತೆಂದು ಅಷ್ಟು ದೂರದಿಂದಲೇ ಬೈದರು. ಅತ್ತೆ ಎಲೆಯ ಮುಂದೆ ಕುಳಿತು, ಕೈಯಲ್ಲಿ ತುತ್ತು ಹಿಡಿದು, "ಅಕ್ಕಾ, ಹೊಸ್ತ್ ಉಂತೆ" ಎಂದರು. ಆ ಕ್ಷಣಕ್ಕೆ ಸರಿಯಾಗಿ ಚಿತ್ರ ನಿಂತಿತು. ನನ್ನ ಉಸಿರೂ ನಿಂತಿತು. ಇಡೀ ಪಂಕ್ತಿ ನನ್ನನ್ನೇ ನೋಡಿತು.

"ಉಣ್ ಹೆಣ್ಣೆ. ಒಳ್ಳೇದಾಯ್ಲಿ" ಎಂದು ಫೋನಿನಿಂದ ಧ್ವನಿ ಬಂತು, ಹಿಂದೆಯೇ ಮುಖವೂ ಅಲುಗಿತು. ಚಿತ್ರ ನಿಂತದ್ದಲ್ಲ; ದೊಡ್ಡತ್ತೆ ನಿಧಾನವಾಗಿ ಯೋಚಿಸಿ ಉತ್ತರ ಕೊಡುವವರು, ಅಲುಗಾಡದೆ ಕುಳಿತಿದ್ದರು, ಅಷ್ಟೆ. ಅತ್ತೆ ತುತ್ತು ಬಾಯಿಗಿಟ್ಟರು. ಕಣ್ಣೀರು ಸೆರಗಿನಲ್ಲಿ ಒರೆಸಿಕೊಂಡರು. ನಾನೂ ಕಣ್ಣೊರೆಸಿಕೊಂಡೆ, ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

"ಒಳ್ಗೆ ಹ್ಯಾಂಗೆ ನೆಟ್ ಬಂತ್? ಕಂಪ್ನಿಯವ್ರ್ ಬಂದಿದ್ರಾ?" ಎಂದು ದೊಡ್ಡತ್ತೆ ಕೇಳಿದರು.

"ಹೊರ್ಗಿನವ್ರ್ ಯಾರೂ ಬರ್ಲಿಲ್ಲೆ" ಎಂದು ಅತ್ತೆ ಎರಡನೆಯ ತುತ್ತು ಕಲಸುತ್ತಾ ಹೇಳಿದರು. "ಮನಿಯವ್ರೇ ಮಾಡಿದ್ದ್."

ಪಾಯಸ ನನ್ನ ನೆತ್ತಿಗೆ ಹತ್ತಿತು. ಇಷ್ಟು ವರ್ಷ ಕಾದ ಮಾತನ್ನು ಅವರು ಅನ್ನ ಕಲಸುತ್ತಾ ಹೇಳಿ ಮುಗಿಸಿದ್ದರು. ಊಟವಾದ ಮೇಲೆ ಅತ್ತೆ ಉಳಿದ ಕದಿರು ತಂದು ಎರಡನೇ ರೌಟರಿಗೆ ಕಟ್ಟಿದರು. ನಾನು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದೆ. ಅವರ ಕೈಯಲ್ಲಿ ಇನ್ನೊಂದು ಕದಿರಿತ್ತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಸ್ವಲ್ಪ ಬದಿಗ್ ಸರಿನಿ, ಹಿಂದ್ ಗ್ರೈಂಡರಿಗೆ ಕಟ್ಟುಕೆ ಬಾಕಿ ಇತ್ತ್" ಎಂದರು.

ಹಬ್ಬ ಕಳೆದ ಮೇಲೆ ಮನೆಗೆ ಅಂಜಲ್ ಬಂತು. ಒಂದಿಬ್ಬರು ನೆಂಟರು ಇನ್ನೂ ಉಳಿದಿದ್ದರು. ತಲೆಯ ತುಂಡು ನೇರವಾಗಿ ಅವರ ಬಟ್ಟಲಿಗೆ ಹೋಯಿತು, ನನ್ನ ಬಟ್ಟಲಿಗೆ ಬಾಲ ಬಂತು. ತಲೆ ಎಲ್ಲಿ ಎಂಬ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಕೇಳಿದರೆ ಪುನಃ ನೆಂಟನಾಗಿಬಿಡುತ್ತೇನೆಂಬ ಹೆದರಿಕೆಯಿಂದ, ಎದೆಯುಬ್ಬಿಸಿಕೊಂಡು, ಮುಳ್ಳು ಆರಿಸುತ್ತಾ ಕುಳಿತೆ.