ಹಿಮದ ಬೆಟ್ಟದಲ್ಲಿ ರೈಟ್, ಹೋಲ್ಡಾನ್

ಬಸ್ಸಿನ ಕೆಲಸಕ್ಕೆ ಸೇರಿದವರನ್ನು ನಗೆಪಾಟಲು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಾನು ಚಾಮರಾಜನಗರ–ಗುಂಡ್ಲುಪೇಟೆ ರೂಟಿನ ಕಂಡಕ್ಟರ್. ದಿನಕ್ಕೊಂದು ತಮಾಷೆಯಾಗದೆ ಡ್ಯೂಟಿ ಮುಗಿದದ್ದೇ ಇಲ್ಲ. ರಜೆ ಹಾಕಿ ದೇಶದ ಆ ತುದಿಗೆ ಹೋದರಾದರೂ ತಪ್ಪೀತೇನೋ ಅಂದುಕೊಂಡರೆ, ಅದು ನಮಗಿಂತ ಮೊದಲೇ ಅಲ್ಲಿಗೆ ಹೋಗಿ ಟವೆಲ್ ಹಾಕಿ ಸೀಟು ಹಿಡಿದಿತ್ತು.

ಹೋದದ್ದು ಗುಲ್ಮಾರ್ಗಿಗೆ. ನಾನು, ನನ್ನ ಹೆಂಡತಿ, ನನ್ನ ಬಸ್ಸಿನ ಡ್ರೈವರಣ್ಣ, ಅವರ ಹೆಂಡತಿ ಅಂದರೆ ನಮ್ಮ ಅತ್ತಿಗೆ. ಡ್ರೈವರಣ್ಣನಿಗೆ ಈ ವರ್ಷ ರಿಟೈರ್‌ಮೆಂಟು. ಸರ್ವೀಸಿನಲ್ಲಿ ಒಂದೂ ಆಕ್ಸಿಡೆಂಟ್ ಮಾಡದ್ದಕ್ಕೆ ಅವರಿಗೆ ಬೆಳ್ಳಿ ಪದಕ ಸಿಕ್ಕಿದೆ. ಸಿಕ್ಕಿದ ದಿನದಿಂದ ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾದರೂ ಪದಕದ ಮಾತು ಬಂದೇ ಬರುತ್ತದೆ. ಹಿಮದ ಮೇಲೆ ಸ್ಕೀ ಹಲಗೆ ಕಟ್ಟಿಕೊಂಡು ಜಾರುವವರ ವಿಡಿಯೋವನ್ನು ಫೋನಿನಲ್ಲಿ ನೋಡಿ, ಬಂಡೀಪುರದಲ್ಲಿ ಆನೆ ಅಡ್ಡ ಬಂದಾಗಲೇ ಗಾಡಿ ನಿಲ್ಲಿಸಿದವನು ನಾನು, ಇದೇನು ಮಹಾ ಅಂದುಬಿಟ್ಟರು. ಅತ್ತಿಗೆ ಅಲ್ಲೇ ಹಿಡಿದುಕೊಂಡರು.

"ಸರಿ, ಓಗನ. ಬೀಳ್ದೆ ಜಾರುದ್ರೆ ನೀವೇ ಸೈ. ಬಿದ್ರೆ ಮಾತ್ರ ಪದಕದ ಸುದ್ದಿ ಮನೇಲಿ ಎತ್ತಂಗಿಲ್ಲ."

ಡ್ರೈವರಣ್ಣನ ಮುಖ ಇಷ್ಟು ಸಣ್ಣದಾಯಿತು. ರಿಟೈರ್ ಆದಮೇಲೆ ಆ ಪದಕವೂ ಇಲ್ಲದಿದ್ದರೆ ಜಗಲಿಯ ಮೇಲೆ ಕೂತು ಮಾತಾಡುವುದಾದರೂ ಏನನ್ನು? ಆದರೂ ಬಾಯಿ ತಪ್ಪಿ ಆಡಿದ ಮಾತು, ಒಪ್ಪಿಕೊಂಡರು.

ಒಳಗೆ ಜಾಗ ಅದೆ

ಬೆಟ್ಟದ ಮೇಲಕ್ಕೆ ತಂತಿಯ ಮೇಲೆ ನೇತಾಡುತ್ತಾ ಹೋಗುವ ಡಬ್ಬಿಗಳಿವೆ. ನಮ್ಮ ಸರದಿಗೆ ಬಂದ ಡಬ್ಬಿಯಲ್ಲಿ ನನ್ನ ಜೊತೆಯವರು ಹತ್ತಿದರು. ನನ್ನ ಕೈ ಸುಮ್ಮನಿರಬೇಕಲ್ಲ? ಹಿಂದೆ ನಿಂತಿದ್ದ ಅಪರಿಚಿತರನ್ನೂ ಬೆನ್ನು ಮುಟ್ಟಿ, ಒಳಗೆ ಹೋಗಿ, ಒಳಗೆ ಜಾಗ ಅದೆ ಎಂದು ತಳ್ಳಿದೆ. ಅಲ್ಲಿನ ಸಿಬ್ಬಂದಿ ಏನಾಗುತ್ತಿದೆಯೆಂದು ನೋಡುವುದರೊಳಗೆ ಡಬ್ಬಿ ತುಂಬಿತ್ತು. ಬಾಗಿಲು ಮುಚ್ಚಿತು. ಅಭ್ಯಾಸಬಲ, ಪಕ್ಕದ ತಗಡಿಗೆ ಎರಡು ಸಲ ಬಡಿದು "ರೈಟ್" ಅಂದೆ. ಸರಿಯಾಗಿ ಅದೇ ಹೊತ್ತಿಗೆ ಡಬ್ಬಿ ಹೊರಟಿತು. ಎಲ್ಲರನ್ನೂ ಹತ್ತಿಸಿದ ನಾನು ಮಾತ್ರ ಕೆಳಗೇ ಉಳಿದೆ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಬಂದು, ಮುಂದಿನದು ಎಷ್ಟು ಹೊತ್ತಿಗೆ ಎಂದು ನನ್ನನ್ನೇ ಕೇಳಿದರು.

ಬುಡ್ಬೇಡ

ಜಾರುವುದನ್ನು ಕಲಿಸಲು ಒಬ್ಬ ಗಡ್ಡದ ಮೇಷ್ಟ್ರು ಸಿಕ್ಕಿದರು. ಒಳ್ಳೆಯ ಮನುಷ್ಯ. ಮೊದಲು ಒಂದೇ ಅಗಲ ಹಲಗೆಗೆ ಎರಡೂ ಕಾಲು ಕಟ್ಟುವ ಸ್ನೋಬೋರ್ಡ್ ತೋರಿಸಿದರು. ಎರಡೂ ಕಾಲು ಕಟ್ಟಿ ಬೆಟ್ಟದಿಂದ ತಳ್ಳುವುದು ಯಾವ ಸೀಮೆಯ ಆಟ ಎಂದು ಡ್ರೈವರಣ್ಣ ಬೇಡವೆಂದರು. ಕಾಲಿಗೊಂದೊಂದು ಹಲಗೆಯ ಸ್ಕೀ ಗಟ್ಟಿಯಾಯಿತು.

ಮೇಷ್ಟ್ರು ಕೈ ಹಿಡಿದುಕೊಂಡಾಗ ನನ್ನ ಹೆಂಡತಿ ಸಂಕೋಚಪಟ್ಟು "ಬುಡಪ್ಪಾ, ಬುಡು" ಅಂದಳು. ಹಾಗೆಂದರೇನೆಂದು ಅವರು ಕೇಳಿದರು. ಬುಡು ಅಂದರೆ ಕೈ ಬಿಡುವುದು ಎಂದು ನನಗೆ ಬರುವ ಹಿಂದಿಯಲ್ಲಿ ವಿವರಿಸಿದೆ. ಅವರು ಖುಷಿಯಿಂದ ಕಲಿತುಕೊಂಡರು.

ಮುಂದಿನ ಸರದಿ ಅತ್ತಿಗೆಯದು. ಇಳಿಜಾರು ನೋಡಿದ್ದೇ ಅವರ ಜೀವ ಬಾಯಿಗೆ ಬಂತು. ಮೇಷ್ಟ್ರ ತೋಳನ್ನು ತಬ್ಬಿ ಹಿಡಿದು "ಬುಡ್ಬೇಡ ಕಣಪ್ಪ" ಅಂದರು. ನಮ್ಮ ಭಾಷೆಯಲ್ಲಿ 'ಬೇಡ' ಬರುವುದು ಕೊನೆಗೆ. 'ಬುಡ್' ಕೇಳಿದೊಡನೆ ಮೇಷ್ಟ್ರು ಕೈಬಿಟ್ಟರು. 'ಬೇಡ' ಬರುವ ಹೊತ್ತಿಗೆ ಅತ್ತಿಗೆ ಕೂತ ಭಂಗಿಯಲ್ಲಿ ಅರ್ಧ ದಾರಿ ಇಳಿದಿದ್ದರು. ಪೆಟ್ಟೇನೂ ಆಗಲಿಲ್ಲ. ಕೆಳಗಿನಿಂದಲೇ ಕೂಗಿ ಕೇಳಿದರು.

"ಆ ಪುಣ್ಯಾತ್ಮನ್ಗೆ ಕನ್ನಡ ಕಲ್ಸುದ್ದು ಯಾರು?"

ನಾನು ಬೆಟ್ಟದ ಸೌಂದರ್ಯ ನೋಡುತ್ತಾ ನಿಂತೆ.

ರೈಟ್

ಈಗ ಡ್ರೈವರಣ್ಣ. ಮೇಷ್ಟ್ರು ಬಲಕ್ಕೆ ತಿರುಗಿಸಬೇಕೆಂದು "ರೈಟ್" ಅಂದರು. ಸರ್ವೀಸು ಪೂರ್ತಿ ರೈಟ್ ಅಂದರೆ ಹೊರಡು ಎಂದಷ್ಟೇ ಕೇಳಿದ ಕಿವಿ ಅದು. ಅಣ್ಣ ನೆಟ್ಟಗೆ ಹೊರಟರು. ಮೇಷ್ಟ್ರು ಗಾಬರಿಯಾಗಿ "ರೈಟ್, ರೈಟ್" ಎಂದು ಕೂಗಿದಷ್ಟೂ ಇವರು ಇನ್ನಷ್ಟು ಬಗ್ಗಿ ಸ್ಪೀಡು ಏರಿಸಿದರು. ಕೊನೆಗೆ ಟೀ ಅಂಗಡಿಯ ಪಕ್ಕ ರಾಶಿ ಹಾಕಿದ್ದ ಹಿಮದಲ್ಲಿ ಮಂಡಿಯವರೆಗೆ ಹೂತು ನಿಂತರು. ಬಿದ್ದಿರಲಿಲ್ಲ. ನಾವು ಏದುಸಿರು ಬಿಡುತ್ತಾ ಹೋಗಿ ನೋಡಿದರೆ ಅಲ್ಲಿಂದಲೇ ಕೈ ಚಾಚಿ ಟೀ ಇಸಿದುಕೊಳ್ಳುತ್ತಿದ್ದರು. ಬಸ್ಸಾಗಲಿ ಹಲಗೆಯಾಗಲಿ, ಈ ಮನುಷ್ಯ ಟೀ ಅಂಗಡಿ ಮುಂದೆಯೇ ನಿಲ್ಲಿಸುವುದು ಎಂದರು ಅತ್ತಿಗೆ.

ಹೋಲ್ಡಾನ್

ಟೀ ಅಂಗಡಿ ಲೆಕ್ಕಕ್ಕಿಲ್ಲ, ದೊಡ್ಡ ಇಳಿಜಾರು ಇಳಿದರೆ ಮಾತ್ರ ಪದಕ ಉಳಿದ ಹಾಗೆ ಎಂದು ಅತ್ತಿಗೆ ಹಟ ಹಿಡಿದರು. ಮಾರನೆಯ ದಿನ ಅಣ್ಣನ ಜೊತೆ ಧೈರ್ಯಕ್ಕೆಂದು ನಾನೂ ಹಲಗೆ ಕಟ್ಟಿಕೊಂಡು ಮೇಲೆ ಹೋದೆ. ಹೆಂಗಸರಿಬ್ಬರೂ ಕೆಳಗೆ ನಿಂತರು. ಪದಕ ಅಣ್ಣನ ಜೇಬಿನಲ್ಲೇ ಇತ್ತು, ಮುಟ್ಟಿ ನೋಡಿಕೊಂಡರು. ನಿಜ ಹೇಳುತ್ತೇನೆ, ನನಗೆ ಅಳು ಬಂದ ಹಾಗಾಯಿತು.

ಹೊರಟರು. ನಾನು ಮೇಲೇ ನಿಂತೆ. ಅಣ್ಣ ಅರ್ಧ ದಾರಿಯವರೆಗೆ ಚೆನ್ನಾಗಿಯೇ ಇಳಿದರು. ಆಮೇಲೆ ಮೇಷ್ಟ್ರು ಹೇಳಿಕೊಟ್ಟದ್ದೆಲ್ಲ ಮರೆತು ಬಾಯಲ್ಲೇ ಹಾರ್ನ್ ಹೊಡೆಯುತ್ತಾ ನೇರ ಅತ್ತಿಗೆಯ ಕಡೆಗೇ ನುಗ್ಗಿದರು. ಅತ್ತಿಗೆಗೆ ಕಾಲೇ ಕೀಳಲಾಗಲಿಲ್ಲ. ನಾನು "ಹೋಲ್ಡಾನ್" ಎಂದು ಕೂಗಿದೆ. ಗಾಳಿಗೆ ಕೇಳಿಸಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ಡ್ಯೂಟಿಯ ವಿಶಲ್ ಅಲ್ಲೇ ಇತ್ತು. ಬಸ್ಸು ನಿಲ್ಲಿಸಲು ಊದುವ ಹಾಗೆ ಉಸಿರು ಕಟ್ಟಿ ಒಂದೇ ಒಂದು ಸಲ ಊದಿದೆ.

ಅಣ್ಣನ ಬಲಗಾಲು ಬ್ರೇಕ್ ಒತ್ತಿತು. ಹಲಗೆಗಳು ಅಡ್ಡ ತಿರುಗಿದವು, ಹಿಮ ಎದ್ದು ಚಿಮ್ಮಿತು, ಅತ್ತಿಗೆಗೆ ಒಂದು ಮಾರು ದೂರದಲ್ಲಿ ಅಣ್ಣ ನಿಂತರು. ಅಲುಗದೆ ನಿಂತರು. ಆಮೇಲೆ ಮೇಲಕ್ಕೆ ತಿರುಗಿ ನನ್ನನ್ನು ಗದರಿಸಿದರು.

"ಸ್ಟಾಪೇ ಇಲ್ದಿರೊ ಕಡೆ ಯಾಕ್ಲಾ ನಿಲ್ಸುದೆ?"

ಸಂತೋಷ ತಡೆಯಲಾರದೆ ನಾನು ಎರಡೂ ಕೈ ಎತ್ತಿದೆ. ಅಷ್ಟೇ ಸಾಕಾಯಿತು, ನನ್ನ ಹಲಗೆಗಳು ಹೊರಟವು. ನನಗೆ ವಿಶಲ್ ಊದುವವರು ಯಾರೂ ಇರಲಿಲ್ಲ. ನೇರ ಹೋಗಿ ಅಣ್ಣನ ಬೆನ್ನಿಗೆ ಗುದ್ದಿದೆ. ಇಬ್ಬರೂ ಹಿಮದಲ್ಲಿ ಮುಳುಗಿದೆವು.

ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ಬಗ್ಗಿ ನೋಡಿ, ಬಿದ್ದಿರಿ ತಾನೆ, ಇನ್ನು ಪದಕದ ಮಾತು ಮುಗಿಯಿತು ಎಂದರು. ಅಣ್ಣ ಮಲಗಿದ್ದಲ್ಲಿಂದಲೇ ಮೀಸೆಯ ಮೇಲಿನ ಹಿಮ ಒರೆಸಿಕೊಂಡರು.

"ನೋಡಮ್ಮಿ, ನಿಂತಿದ್ ಗಾಡಿಗೆ ಇಂದ್ಗಡೆಯಿಂದ ಬಂದು ಗುದ್ದವ್ನೆ. ಕೇಸು ಕಂಡಕ್ಟ್ರು ಮ್ಯಾಲೆ."