ಭಾಗವತರಿಲ್ಲದ ಸೌಂಡ್ ಕಾರ್ಡ್

ಸರಿಯಾಗಿ ನಡೆಯುತ್ತಿರುವುದನ್ನು ಇನ್ನಷ್ಟು ಸರಿ ಮಾಡಲು ಹೋಗುವುದು ನನ್ನ ಹುಟ್ಟುಗುಣ. ಡೊಂಬಿವಲಿಯ ನಮ್ಮ ಒನ್ ರೂಮ್ ಕಿಚನ್ ಮನೆಗೆ ಮೊದಲ ಕಂಪ್ಯೂಟರ್ ಬಂದ ಕಾಲದಲ್ಲಿ, ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ಎಂಬ ಬೇರೆ ಕಾರ್ಯವ್ಯವಸ್ಥೆ ಹಾಕಿದೆ. ಪರದೆ ಚೆಂದ ಕಂಡಿತು, ಸ್ವರ ಮಾತ್ರ ಹೋಯಿತು. ಅದು ಗೊತ್ತಾದದ್ದು ಅಪ್ಪನ ತಾಳಮದ್ದಳೆಯ ಸಿಡಿ ಬಂದ ಮೇಲೆ.

ಅಪ್ಪ ವಾರವಿಡೀ ಠಾಣೆಯ ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ರಜೆ ಸಿಕ್ಕರೆ ತಾಳಮದ್ದಳೆಯಲ್ಲಿ ಕರ್ಣನಾಗುತ್ತಿದ್ದರು. ವೇಷವಿಲ್ಲದೆ ಕೂತು, ಭಾಗವತರು ಹಾಡಿದ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವುದು. ಅದನ್ನು ಯಾರೋ ಪುಣ್ಯಾತ್ಮರು ಧ್ವನಿಮುದ್ರಿಸಿ ಕೊಟ್ಟರು. ತಮ್ಮ ಕರ್ಣನನ್ನು ತಾವೇ ಒಮ್ಮೆಯೂ ಕೇಳಿರದ ಅಪ್ಪ, ಭಾನುವಾರ ಮಧ್ಯಾಹ್ನಕ್ಕೆ ಗೆಳೆಯರನ್ನು ಕರೆದೇಬಿಟ್ಟರು. ವರ್ತಕ ನಗರದಿಂದ ಶೆಟ್ಟರು ಬಂದರು, ಬದಲಾಪುರದಿಂದ ಸಾಕ್ಷಾತ್ ಭಾಗವತರೇ ಬಂದರು. ಅಷ್ಟರಲ್ಲಿ ಸ್ವರ ಬರಿಸಿಯೇ ಬಿಡುತ್ತೇನೆ ಎಂದು ನಾನು ಜಂಬ ಕೊಚ್ಚಿದ್ದೆ.

ಕಂಪ್ಯೂಟರಿನೊಳಗೆ ಕರ್ನಲ್ ಎಂಬ ಯಜಮಾನನಿರುತ್ತಾನೆ. ಅವನು ಎಲ್ಲ ವಿದ್ಯೆಯನ್ನೂ ಸದಾ ಹೊತ್ತುಕೊಂಡು ಕೂರುವುದಿಲ್ಲ. ಬೇಕಾದಾಗ ಮಾಡ್ಯೂಲ್ ಎಂಬ ತುಣುಕುಗಳನ್ನು ಒಳಗೆ ಕರೆಸಿಕೊಳ್ಳುತ್ತಾನೆ. ನಾನು ಇನ್ಸ್‌ಮಾಡ್ ಎಂಬ ಆಜ್ಞೆ ಕೊಟ್ಟು ಸೌಂಡ್ ಕಾರ್ಡಿನ ಮಾಡ್ಯೂಲನ್ನು ನೇರವಾಗಿ ಒಳಕ್ಕೆ ನೂಕಿದೆ. ತನಗೆ ಬೇಕಾದವರು ಒಳಗಿಲ್ಲವೆಂದು ಅದು ಮುಖ ತಿರುಗಿಸಿತು. ಅವರನ್ನು ಕರೆಯಹೋದರೆ ಅವರಿಗೂ ಬೇರೆಯವರು ಮೊದಲು ಬರಬೇಕು.

"ಎಂತ, ಆಯ್ತಾ?" ಅಪ್ಪ ಕೇಳಿದರು.

"ಒಂದು ಬರ್ಲಿಕ್ಕೆ ಇನ್ನೊಂದು ಮೊದ್ಲು ಬಂದಿರ್ಬೇಕಂತೆ ಅಪ್ಪಾ."

"ಮತ್ತೆ? ಭಾಗವತರು ಪದ್ಯ ಹೇಳದೆ ನಾನು ಬಾಯಿ ಬಿಡ್ತೇನಾ?"

"ಬೇಗ ಮಾಡು ಮಾರಾಯಾ, ಇವತ್ತು ರೈಲು ಹಳಿ ರಿಪೇರಿಯ ಮೆಗಾಬ್ಲಾಕ್ ಬೇರೆ ಉಂಟು. ಗಾಡಿ ಸಿಗುದಿಲ್ಲ," ಎಂದರು ಶೆಟ್ಟರು.

ಕಾದು ಕಾದು ಬೇಸತ್ತ ಭಾಗವತರು ಸುಮ್ಮನೆ ಒಂದು ಪದ್ಯ ಎತ್ತಿಕೊಂಡರು. ಶೆಟ್ಟರು ಚಕ್ಕುಲಿ ಡಬ್ಬ ಬೋರಲು ಹಾಕಿ ಬಡಿಯತೊಡಗಿದರು. ಅಪ್ಪ ಗಂಟಲು ಸರಿಮಾಡಿಕೊಂಡು ಅರ್ಥ ಹೇಳತೊಡಗಿದರು. ಅಮ್ಮ ಕೈ ಒರೆಸುತ್ತ ಅಡುಗೆಕೋಣೆಯಿಂದ ಬಂದು ನಿಂತಳು. ನಾನು ಅವರಿಗೆಲ್ಲ ಬೆನ್ನು ಹಾಕಿ ಕೀಲಿಮಣೆ ಕುಟ್ಟುತ್ತಿದ್ದೆ. ಕೊನೆಗೆ ಮಾಡ್‌ಪ್ರೋಬ್ ಎಂಬ ಆಜ್ಞೆ ಕಣ್ಣಿಗೆ ಬಿತ್ತು. ಯಾರಿಗೆ ಯಾರು ಮೊದಲು ಬೇಕೆಂದು ತಾನೇ ನೋಡಿ, ಅದೇ ಕ್ರಮದಲ್ಲಿ ಎಲ್ಲರನ್ನೂ ಕರೆತರುವ ಸಂಭಾವಿತ ಅದು. ಒತ್ತಿದೆ, ಸಿಡಿ ಹಚ್ಚಿದೆ. ಸ್ಪೀಕರಿನ ಕರ್ಣ ಚಾಪೆಯ ಮೇಲಿನ ಕರ್ಣನ ಮಾತಿನ ಮೇಲೆಯೇ ಗುಡುಗಿದ.

"ಅದನ್ನು ಬಂದ್ ಮಾಡು ಮಾರಾಯಾ!" ಕೂಗಿದವರು ಅಪ್ಪನೇ. "ಇಲ್ಲಿ ಒಳ್ಳೆ ರಂಗೇರಿದೆ."

ಮುಖ ಊದಿಸಿಕೊಂಡು ಬಂದ್ ಮಾಡಿದೆ.

ಶೆಟ್ಟರು ಈಗ ಕಾಮೋಠೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಭಾಗವತರಿಗೆ ಸ್ವರ ಏಳುವುದಿಲ್ಲ. ಅಪ್ಪ ಇಲ್ಲ. ಸಿಡಿಯ ಕರ್ಣ ನನ್ನ ಮೊಬೈಲಿನಲ್ಲಿದ್ದಾನೆ. ಯಾರನ್ನೂ ಕಾಯದೆ, ಬೆರಳು ತಾಗಿದೊಡನೆ ಮಾತಾಡುತ್ತಾನೆ. ನನಗೆ ಕಣ್ಣು ತುಂಬಿ ಬರುತ್ತದೆ. ಅಮ್ಮನಿಗೆ ಮಾತ್ರ ಅದು ಹಿಡಿಸುವುದಿಲ್ಲ.

"ಇದಲ್ಲ ಮಗಾ, ಆ ಭಾನುವಾರದ್ದು ಎಷ್ಟು ಚೆಂದ ಇತ್ತು! ನೀನೂ ಅಲ್ಲೇ ಇದ್ದಿಯಲ್ಲ, ಅಪ್ಪ ಕಡೆಗೆ ಎಂತ ಹೇಳಿದ್ರು, ನೆನಪುಂಟಾ?" ಎಂದು ಕೇಳುತ್ತಾಳೆ.

ಮಾಡ್ಯೂಲುಗಳು ಒಂದರ ಹಿಂದೊಂದು ಬಂದ ಕ್ರಮವನ್ನಾದರೆ ಈಗಲೂ ಬಾಯಿಪಾಠ ಒಪ್ಪಿಸಬಲ್ಲೆ.